ಸನದಿನಿಂದ ಸಂವಿಧಾನಕ್ಕೆ: ಮಲಪ್ರಭಾ ತೀರದಲ್ಲಿ ಧರ್ಮಸ್ವಾತಂತ್ರ್ಯದ ಇತಿಹಾಸ

ಧರ್ಮಸ್ವಾತಂತ್ರ್ಯವೆಂಬುದು ಇಂದು ಎಲ್ಲರ ಬಾಯಲ್ಲಿ ಕೇಳಿಬರುವ ಮಾತು. ಮನುಷ್ಯನು ತನ್ನ ಅಂತಃಕರಣಕ್ಕೆ ಒಪ್ಪಿದ ದೈವವನ್ನು ತನಗೆ ಒಪ್ಪಿದ ರೀತಿಯಲ್ಲಿ ಪೂಜಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವೆಂಬ ತಿಳಿವಳಿಕೆ ಜನಸಾಮಾನ್ಯರಲ್ಲಿಯೂ ನೆಲೆಗೊಂಡಿದೆ. ಆದರೆ ಈ ತಿಳಿವಳಿಕೆಗೆ ಬಹಳ ವಯಸ್ಸಾಗಿಲ್ಲ. ಅರಸೊತ್ತಿಗೆಯ ಕಾಲದಲ್ಲಿ ಅದು ಆಳುವವನು ದಯಪಾಲಿಸಿದ ಕೊಡುಗೆಯಾಗಿತ್ತು. ಪ್ರಜಾಪ್ರಭುತ್ವದಲ್ಲಿ ಅದು ಪ್ರಜೆಯ ಹಕ್ಕಾಗಿದೆ. ಕೊಡುಗೆಗೂ ಹಕ್ಕಿಗೂ ಇರುವ ಅಂತರವೇನು? ಕೊಡುಗೆಯನ್ನು ಕೊಟ್ಟವನು ಹಿಂದಕ್ಕೆ ಪಡೆದಾಗ ಪಡೆದವನು ಸುಮ್ಮನಿರಬೇಕು, ಇಲ್ಲವೇ ಕತ್ತಿ ಹಿರಿಯಬೇಕು. ಹಕ್ಕಿಗೆ ಚ್ಯುತಿ ಬಂದಾಗಲಾದರೋ ನೊಂದವನು ಹೋಗಿ ಕೇಳಲು ಒಂದು ಬಾಗಿಲು ಇರುತ್ತದೆ. ಧರ್ಮಸ್ವಾತಂತ್ರ್ಯದ ಇತಿಹಾಸವೆಂದರೆ ಒಂದರ್ಥದಲ್ಲಿ ಆ ಬಾಗಿಲಿನ ಇತಿಹಾಸವೇ ಆಗಿದೆ.

ಇದನ್ನು ಅರಿಯಲು ದೂರದೇಶಗಳ ಚರಿತ್ರೆಯನ್ನೇ ಮೊದಲು ಅರಸಬೇಕಾಗಿಲ್ಲ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ನಡುದಾರಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಸೀಮೆಗಳಿವೆ. ಇಂದು ಇವೆಲ್ಲವೂ ಬೆಳಗಾವಿ ಜಿಲ್ಲೆಯ ತಾಲೂಕುಗಳು. ಆದರೆ 1947ಕ್ಕಿಂತ ಮುಂಚೆ ಬೈಲಹೊಂಗಲವು ಸಂಪಗಾವಿ ತಾಲೂಕಿನ, ಸವದತ್ತಿಯು ಪರಸಗಡ ತಾಲೂಕಿನ ಕಚೇರಿಯ ಊರುಗಳಾಗಿ ಮುಂಬಯಿ ಪ್ರಾಂತದಲ್ಲಿದ್ದವು. ಕಿತ್ತೂರು ತನ್ನ ಸಂಸ್ಥಾನವನ್ನು ಕಳೆದುಕೊಂಡು ಸಂಪಗಾವಿ ತಾಲೂಕಿನ ಒಂದು ಊರಾಗಿತ್ತು. ರಾಮದುರ್ಗವು ಭಾವೆ ಮನೆತನದ ದೇಶೀಯ ಸಂಸ್ಥಾನವಾಗಿತ್ತು. ಅದರ ನೆರೆಯ ತೊರಗಲ್ಲು ಕೊಲ್ಲಾಪುರದ ಛತ್ರಪತಿಗಳ ಅಧೀನದ ಜಹಗೀರಾಗಿತ್ತು. ಎರಡು ಮೂರು ದಿನ ಕಾಲ್ನಡಿಗೆಯಲ್ಲಿ ಹೋದವನು ಮೂರು ಬಗೆಯ ಆಡಳಿತಗಳನ್ನು ದಾಟುತ್ತಿದ್ದನು. ಆದ್ದರಿಂದ ಅರಸೊತ್ತಿಗೆಯಿಂದ ಪ್ರಜಾಪ್ರಭುತ್ವಕ್ಕೆ ಸಾಗಿದ ದಾರಿಯನ್ನು ಅಭ್ಯಸಿಸಲು ಇಷ್ಟು ಸಮೃದ್ಧವಾದ ಸೀಮೆ ಬೇರೊಂದು ದೊರೆಯುವುದು ಕಷ್ಟ.

ಕೊಡುವ ಕೈ, ಕಸಿಯುವ ಕೈ

ಸವದತ್ತಿಯು ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿ. ಇಲ್ಲಿ ರಟ್ಟ ಶಾಂತಿವರ್ಮನು 980ರಲ್ಲಿ ಜಿನಾಲಯಕ್ಕೆ ದತ್ತಿ ಬಿಟ್ಟುದನ್ನು ಶಾಸನ ಹೇಳುತ್ತದೆ. ಅದೇ ವಂಶದ ಕೊನೆಯ ಕಾಲಕ್ಕೆ ಸೇರಿದ 1228ರ ಶಾಸನದಲ್ಲಿ ಜೈನಮುನಿ ಮುನಿಚಂದ್ರನ ಹಿರಿಮೆಯ ವರ್ಣನೆಯಿದೆ. ರಟ್ಟರ ನಾಡಿನಲ್ಲಿ ಬಸದಿಗಳಿಗೆ ನಡೆದಂತೆ ಶಿವಾಲಯಗಳಿಗೂ ಭೂದಾನಗಳು ನಡೆದವು. ಮತಭೇದವೆಣಿಸದ ಈ ಔದಾರ್ಯ ಕನ್ನಡ ನಾಡಿನ ಅರಸರ ದೊಡ್ಡ ಗುಣ. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದಂಶವನ್ನು ಗಮನಿಸತಕ್ಕದ್ದು. ಧಾರೆಯೆರೆದವನು ಅರಸ, ಪಡೆದವರು ಗುರುಗಳು. ಮುಂದಿನ ಅರಸನು ದತ್ತಿಯನ್ನು ಕಿತ್ತುಕೊಳ್ಳದಂತೆ ತಡೆಯಲು ಶಾಸನದ ಕೊನೆಯಲ್ಲಿ ಬರೆದ ಶಾಪಾಶಯವೊಂದೇ ರಕ್ಷೆ. ಪಾಪಭೀತಿಯಿಲ್ಲದ ಅರಸನ ಮುಂದೆ ಆ ರಕ್ಷೆ ಎಷ್ಟರದು?

ಕೊಡುವ ಕೈಯೇ ಕಸಿಯುವ ಕೈಯಾದುದನ್ನು ಹನ್ನೆರಡನೆಯ ಶತಮಾನದ ಕಲ್ಯಾಣ ಕಂಡಿತು. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರಿಗೆ ಅರಸನ ಮನ್ನಣೆಯಿದ್ದಷ್ಟು ಕಾಲ ಶರಣರ ಸಮುದಾಯ ಬೆಳೆಯಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ವಿವಾಹವು ಅರಸನ ಕೋಪಕ್ಕೆ ಕಾರಣವಾಗಿ, ಇಬ್ಬರು ತಂದೆಯರೂ ಎಳೆಹೂಟೆಗೆ ಬಲಿಯಾದರೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಅವರ ಅಪರಾಧವೇನು? ಲಿಂಗಧಾರಣೆಯಾದ ಬಳಿಕ ಪೂರ್ವದ ಜಾತಿಯಿಲ್ಲವೆಂಬ ತಮ್ಮ ಧರ್ಮದ ನಂಬುಗೆಯನ್ನು ಬಾಳಿನಲ್ಲಿ ನಡೆಸಿದುದು. ಅರಸನ ತೀರ್ಪಿನ ಮೇಲೆ ಇನ್ನೊಂದು ತೀರ್ಪನ್ನು ಕೇಳುವ ಎಡೆಯಿರಲಿಲ್ಲ. ಉಳಿದ ದಾರಿ ಕಲ್ಯಾಣವನ್ನು ತೊರೆಯುವುದೊಂದೇ. ಉಳವಿಯತ್ತ ಸಾಗಿದ ಶರಣರು ಈ ಮಲಪ್ರಭೆಯ ಸೀಮೆಯನ್ನು ದಾಟಿದರೆಂಬುದು ಪರಂಪರೆಯಿಂದ ಬಂದ ನಂಬುಗೆ. ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ಶರಣರಿಗೂ ಬೆನ್ನಟ್ಟಿ ಬಂದ ಸೈನ್ಯಕ್ಕೂ ಕಾಳಗವಾಯಿತೆಂದು ಜನ ಹೇಳುತ್ತಾರೆ. ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಭಕ್ತರು ಇಂದಿಗೂ ಹೋಗುತ್ತಾರೆ. ಈ ಸೀಮೆಯ ನೆನಪಿನಲ್ಲಿ ಧರ್ಮಸ್ವಾತಂತ್ರ್ಯವು ವಲಸೆಯ ನೆನಪಾಗಿಯೇ ಮೊದಲು ಬರುತ್ತದೆ.

ಕಿತ್ತೂರು: ದತ್ತಕದ ಪ್ರಶ್ನೆ

1585ರಿಂದ ಕಿತ್ತೂರನ್ನು ಆಳಿದ ದೇಸಾಯಿ ಮನೆತನ ವೀರಶೈವ ಮನೆತನ. ಕಲ್ಮಠದ ಗುರುಗಳು ಆ ಸಂಸ್ಥಾನದ ರಾಜಗುರುಗಳು. ಆದಿಲಶಾಹಿ, ಮೊಗಲರು, ಸವಣೂರಿನ ನವಾಬರು, ಹೈದರ್-ಟಿಪ್ಪು, ಪೇಶವೆ ಹೀಗೆ ಮೇಲಿನ ಒಡೆಯರು ಬದಲಾದಂತೆಲ್ಲ ಕಿತ್ತೂರು ಕಪ್ಪ ಕೊಟ್ಟು, ಸನದು ಪಡೆದು, ಕೆಲವೊಮ್ಮೆ ಕಾದಾಡಿ ಉಳಿದುಕೊಂಡಿತು. 1818ರಲ್ಲಿ ಪೇಶವಾಯಿ ಅಳಿದಾಗ ಅದು ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದಿತು.

1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ದೊರೆಯು ಮಕ್ಕಳಿಲ್ಲದೆ ಲಿಂಗೈಕ್ಯನಾದನು. ಸಾವಿಗೆ ಮೊದಲು ಅವನು ಮಾಸ್ತಮರಡಿ ಬಾಳಪ್ಪಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದ ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮಾಜಿಯವರು ಕಂಪನಿಯ ಅಧಿಕಾರಿಗಳಿಗೆ ಬರೆದ ಪತ್ರಗಳಿಂದ ಫಲ ದೊರೆಯಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದನು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಕಂಪನಿಯ ವಶವಾಯಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದ ಚೆನ್ನಮ್ಮಾಜಿಯವರು 1829ರ ಫೆಬ್ರುವರಿಯಲ್ಲಿ ಲಿಂಗೈಕ್ಯರಾದರು. ಅದೇ ದತ್ತಕಪುತ್ರನನ್ನು ಗದ್ದುಗೆಯ ಮೇಲೆ ಕೂಡಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಈ ಕಾಳಗವನ್ನು ಧರ್ಮಯುದ್ಧವೆಂದು ಕರೆಯುವುದು ಇತಿಹಾಸಕ್ಕೆ ಅಪಚಾರವಾದೀತು. ಅದು ರಾಜ್ಯದ ಉಳಿವಿಗಾಗಿ ನಡೆದ ಹೋರಾಟ. ಕಿತ್ತೂರಿನ ಪಡೆಯಲ್ಲಿ ಹಲವು ಜಾತಿಮತಗಳ ವೀರರಿದ್ದರು. ಆದರೂ ಧರ್ಮಸ್ವಾತಂತ್ರ್ಯದ ಚರ್ಚೆಯಲ್ಲಿ ಕಿತ್ತೂರಿಗೆ ಸ್ಥಾನವಿದೆ. ದತ್ತಕವೆಂಬುದು ಕೇವಲ ಆಸ್ತಿಯ ವ್ಯವಹಾರವಲ್ಲ. ಮನೆತನದ ಗುರುಸೇವೆ, ಜಂಗಮದಾಸೋಹ, ಹಿರಿಯರ ಸ್ಮರಣೆ ಇವು ಯಾರಿಂದ ಮುಂದುವರಿಯಬೇಕೆಂಬುದನ್ನು ನಿರ್ಣಯಿಸುವ ಧಾರ್ಮಿಕ ಸಂಸ್ಕಾರವದು. ಅದೇ ಸಮಯದಲ್ಲಿ ಅದು ರಾಜ್ಯಾಧಿಕಾರದ ಪ್ರಶ್ನೆಯೂ ಹೌದು. ಧರ್ಮ ಎಲ್ಲಿ ಮುಗಿಯುತ್ತದೆ, ರಾಜ್ಯ ಎಲ್ಲಿ ಮೊದಲಾಗುತ್ತದೆ? ಆ ಗೆರೆಯನ್ನು ಎಳೆಯುವವರು ಯಾರು? 1824ರಲ್ಲಿ ಆ ಗೆರೆಯನ್ನು ಧಾರವಾಡದ ಒಬ್ಬ ಅಧಿಕಾರಿ ಎಳೆದನು. ಆತನೇ ವಾದಿ, ಆತನೇ ನ್ಯಾಯಾಧೀಶ. ನೊಂದವರಿಗೆ ಹೋಗಿ ಕೇಳುವ ಬಾಗಿಲಿರಲಿಲ್ಲ. ಇದ್ದುದು ಕೋಟೆಯ ಬಾಗಿಲೊಂದೇ.

ಸುರೇಬಾನದಿಂದ ರಾಣಿಯ ಘೋಷಣೆಗೆ

ಮೂವತ್ತನಾಲ್ಕು ವರ್ಷಗಳ ಬಳಿಕ ಅದೇ ಪ್ರಶ್ನೆ ಇದೇ ಸೀಮೆಯಲ್ಲಿ ಮತ್ತೊಮ್ಮೆ ರಕ್ತ ಹರಿಸಿತು. ರಾಮದುರ್ಗದ ಭಾವೆ ಮನೆತನದ ದಾಯಾದಿಗಳು ನರಗುಂದದ ಅರಸರು. ಮಕ್ಕಳಿಲ್ಲದ ನರಗುಂದದ ಬಾಬಾಸಾಹೇಬ ಎಂದರೆ ಭಾಸ್ಕರರಾವ ಭಾವೆಯು ದತ್ತಕಕ್ಕೆ ಅನುಮತಿ ಬೇಡಿದನು. ಕಂಪನಿ ಸರಕಾರ ನಿರಾಕರಿಸಿತು. 1852ರ ಕಾಯಿದೆಯನ್ವಯ ಹಳೆಯ ಇನಾಮುಗಳ ದಾಖಲೆಗಳನ್ನು ಕೆದಕುತ್ತಿದ್ದ ಇನಾಮು ಆಯೋಗದ ವಿಚಾರಣೆಯೂ ದಕ್ಷಿಣ ಮರಾಠಾ ಸೀಮೆಯಲ್ಲಿ ಅಸಂತೋಷವನ್ನು ಹರಡಿತ್ತು. 1858ರ ಮೇ 29ರ ರಾತ್ರಿ, ಇಂದಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ತಂಗಿದ್ದ ರಾಜಕೀಯ ಪ್ರತಿನಿಧಿ ಮ್ಯಾನ್ಸನ್ ಕೊಲೆಯಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರಿನವರು ಲಿಂಗವಂತರು, ನರಗುಂದದವರು ಬ್ರಾಹ್ಮಣರು. ಸಂಕಟ ಮಾತ್ರ ಒಂದೇ.

ಅದೇ ವರ್ಷದ ನವೆಂಬರ್ 1ರಂದು ರಾಣಿ ವಿಕ್ಟೋರಿಯಾಳ ಘೋಷಣೆ ಹೊರಬಿದ್ದಿತು. ತನ್ನ ಮತವನ್ನು ಪ್ರಜೆಗಳ ಮೇಲೆ ಹೇರುವುದಿಲ್ಲವೆಂದೂ, ನಂಬುಗೆಯ ಕಾರಣಕ್ಕಾಗಿ ಯಾರಿಗೂ ಪಕ್ಷಪಾತವಾಗಲಿ ತೊಂದರೆಯಾಗಲಿ ಆಗಕೂಡದೆಂದೂ ಅದು ಸಾರಿತು. 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳು ದೊರೆತವು. ರಾಮದುರ್ಗಕ್ಕೂ ಆ ಸನದಿತ್ತು. 1863ರ ಇನಾಮು ಕಾಯಿದೆಯಿಂದ ಮಠಮಂದಿರಗಳ ದೇವಸ್ಥಾನ ಇನಾಮುಗಳಿಗೂ ಒಂದು ಬಗೆಯ ಭದ್ರತೆ ಬಂದಿತು.

ಇದು ಮುಂದಿನ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಘೋಷಣೆಯು ಘೋಷಣೆಯೇ. ಅದು ಸಾಮ್ರಾಜ್ಞಿಯ ವಾಗ್ದಾನ. ವಾಗ್ದಾನ ತಪ್ಪಿದರೆ ಅವಳನ್ನೇ ಪ್ರತಿವಾದಿಯಾಗಿ ನಿಲ್ಲಿಸುವ ನ್ಯಾಯಪೀಠ ಈ ದೇಶದಲ್ಲಿರಲಿಲ್ಲ. ಸನದು ದೊಡ್ಡದಾಯಿತು, ಆದರೆ ಸನದಾಗಿಯೇ ಉಳಿಯಿತು.

ಸಂಘಟನೆಯ ಹಾದಿ

ಈ ನಡುಗಾಲದಲ್ಲಿ ಪ್ರಜೆಗಳು ಕಲಿತ ಹೊಸ ವಿದ್ಯೆಯೆಂದರೆ ಸಂಘ ಕಟ್ಟುವುದು. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಗತಿಗೆ ದತ್ತಕಪುತ್ರರಾಗಿ ಬಂದ ತ್ಯಾಗವೀರ ಲಿಂಗರಾಜರು 1904ರಲ್ಲಿ ಧಾರವಾಡದಲ್ಲಿ ನೆರೆದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾದರು. 1906ರಲ್ಲಿ ಅವರು ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟಿದ್ದರು. ಕಿತ್ತೂರಿನಲ್ಲಿ ದತ್ತಕವು ಗದ್ದುಗೆಯ ಪ್ರಶ್ನೆಯಾಗಿದ್ದರೆ, ಶಿರಸಂಗಿಯಲ್ಲಿ ದತ್ತಕವಾಗಿ ಬಂದವರು ಗದ್ದುಗೆಯ ಸಿರಿಯನ್ನೇ ಸಮಾಜಕ್ಕೆ ಒಪ್ಪಿಸಿದರು. ಬೈಲಹೊಂಗಲ ಸೀಮೆಯ ನಾಗನೂರು ರುದ್ರಾಕ್ಷಿಮಠದ ಶಿವಬಸವ ಮಹಾಸ್ವಾಮಿಗಳು ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದು ಹಳ್ಳಿಯ ಬಡಮಕ್ಕಳಿಗೆ ಅನ್ನ-ಅಕ್ಷರಗಳ ದಾರಿ ಮಾಡಿದರು. ಅರಸನ ದತ್ತಿಯಿಂದಲ್ಲದೆ ಭಕ್ತರ ಕಾಣಿಕೆಯಿಂದ ನಿಲ್ಲುವ ಧರ್ಮಸಂಸ್ಥೆಗೆ ಬೆನ್ನೆಲುಬು ಗಟ್ಟಿಯಾಗಿರುತ್ತದೆ. ದಾಸೋಹ ತತ್ತ್ವದ ಈ ರಾಜಕೀಯ ಫಲವನ್ನು ಇತಿಹಾಸಕಾರರು ಇನ್ನೂ ಸಾಕಷ್ಟು ಗುರುತಿಸಿಲ್ಲ.

ರಾಮದುರ್ಗ: ಸಂಸ್ಥಾನದ ಕೊನೆಯ ಹತ್ತು ವರ್ಷ

ರಾಮದುರ್ಗವು 169 ಚದರ ಮೈಲುಗಳ ಚಿಕ್ಕ ಸಂಸ್ಥಾನ. ಆಳುವ ಮನೆತನ ಕೊಂಕಣಸ್ಥ ಬ್ರಾಹ್ಮಣರದು. ಪ್ರಜೆಗಳಲ್ಲಿ ಒಕ್ಕಲಿಗ ಲಿಂಗವಂತರು, ನೇಕಾರರು, ಇತರ ದುಡಿಯುವ ಜನ ಹೆಚ್ಚು. 1938ರಲ್ಲಿ ಪ್ರಜಾಸಂಘವು ಕಂದಾಯದ ಹೊರೆ ಇಳಿಯಬೇಕು, ಪ್ರಜೆಗಳಿಗೆ ಹೊಣೆಯಾದ ಸರಕಾರ ಬರಬೇಕು ಎಂದು ಚಳುವಳಿ ಹೂಡಿತು. 1939ರ ಏಪ್ರಿಲ್‌ನಲ್ಲಿ ಮುಖಂಡರ ಬಂಧನದಿಂದ ಕೆರಳಿದ ಜನಸ್ತೋಮ ಸೆರೆಮನೆಯ ಮೇಲೆ ಬಿದ್ದಿತು, ಪೋಲೀಸರು ಕೊಲ್ಲಲ್ಪಟ್ಟರು, ಆ ಬಳಿಕ ಚಳುವಳಿಗಾರರ ಮೇಲೆ ಉಗ್ರವಾದ ದಮನ ನಡೆಯಿತು. ಗಾಂಧೀಜಿಯವರು ಆ ಹಿಂಸೆಯನ್ನು ನೊಂದು ಖಂಡಿಸಿದರು.

ರಾಮದುರ್ಗದ ಚಳುವಳಿ ಕಂದಾಯಕ್ಕೂ ಅಧಿಕಾರಕ್ಕೂ ಸಂಬಂಧಿಸಿದುದು, ಮತಕ್ಕಲ್ಲ. ಆದರೆ ಆಳುವವರ ಜಾತಿ ಒಂದು, ಆಳಿಸಿಕೊಳ್ಳುವವರ ಜಾತಿ ಮತ್ತೊಂದು ಆಗಿರುವ ಕಡೆ ರಾಜಕೀಯದ ಸಿಟ್ಟು ಜಾತಿಮತಗಳ ಸಿಟ್ಟಾಗಿ ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಭೆ ಸೇರುವ, ಬರೆಯುವ, ದೂರು ಕೊಡುವ ಸ್ವಾತಂತ್ರ್ಯವಿಲ್ಲದ ಕಡೆ ಧರ್ಮಸ್ವಾತಂತ್ರ್ಯವೊಂದೇ ಸುರಕ್ಷಿತವಾಗಿರಲಾರದು. ಬಾಗಿಲಿಲ್ಲದ ಮನೆಯಲ್ಲಿ ಜನರು ಗೋಡೆ ಒಡೆಯುತ್ತಾರೆ. ಗೋಡೆ ಬೀಳುವಾಗ ಯಾರ ಮೇಲೆ ಬೀಳುತ್ತದೆಂದು ಹೇಳಲಾಗದು. ಕಿತ್ತೂರು, ಸುರೇಬಾನ, ರಾಮದುರ್ಗ ಈ ಮೂರು ಘಟನೆಗಳ ಪಾಠ ಇದೊಂದೇ.

1948ರ ಮಾರ್ಚ್ 8ರಂದು ದಕ್ಷಿಣದ ಇತರ ಸಂಸ್ಥಾನಗಳೊಡನೆ ರಾಮದುರ್ಗವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಕೊಲ್ಲಾಪುರವೂ ವಿಲೀನಗೊಂಡುದರಿಂದ ತೊರಗಲ್ಲಿನ ಜಹಗೀರಿನ ಕಥೆಯೂ ಮುಗಿಯಿತು. ಮುಂಬಯಿ ಸರಕಾರವು 1947ರಲ್ಲಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯನ್ನು ತಂದಿತ್ತು. ಸಂಸ್ಥಾನದ ಗಡಿ ಅಳಿದ ಮೇಲೆ ಮಲಪ್ರಭೆಯ ಎರಡೂ ದಂಡೆಯ ದೇವಾಲಯಗಳ ಬಾಗಿಲುಗಳು ಒಂದೇ ಕಾನೂನಿಗೆ ಒಳಪಟ್ಟವು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲವೂ ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು.

ಸಂವಿಧಾನ ತೆರೆದ ಬಾಗಿಲು

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯು ಪ್ರತಿಯೊಬ್ಬ ವ್ಯಕ್ತಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಒಪ್ಪಿಕೊಂಡಿತು. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವು ಅದರ ಮೇರೆಗಳು. 26ನೆಯ ವಿಧಿಯು ಧಾರ್ಮಿಕ ಪಂಥಗಳಿಗೆ ಧರ್ಮವಿಷಯಕ ವ್ಯವಹಾರಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕನ್ನಿತ್ತಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಇವೆಲ್ಲಕ್ಕೂ ಜೀವ ತುಂಬಿದುದು 32ನೆಯ ವಿಧಿ. ಮೂಲಭೂತ ಹಕ್ಕಿಗೆ ಭಂಗ ಬಂದಾಗ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಗಬಹುದೆಂದು ಅದು ಹೇಳುತ್ತದೆ. ಡಾ. ಅಂಬೇಡಕರರು ಇದನ್ನೇ ಸಂವಿಧಾನದ ಹೃದಯವೆಂದು ಭಾವಿಸಿದುದು ಅರ್ಥಪೂರ್ಣವಾಗಿದೆ. ಚೆನ್ನಮ್ಮಾಜಿಯವರಿಗೆ ದೊರೆಯದಿದ್ದ ಬಾಗಿಲು ಇದೇ.

ಆ ಬಾಗಿಲಿನ ಬೆಲೆಯನ್ನು ತೋರಿಸಿಕೊಟ್ಟವರಲ್ಲಿ ಮೊದಲಿಗರು ಕನ್ನಡ ಕರಾವಳಿಯವರು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಸ್ವಾಮಿಗಳು ಮದರಾಸು ಸರಕಾರದ ಧರ್ಮದಾಯ ಇಲಾಖೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾವುದು ಧರ್ಮದ ಮುಖ್ಯಾಂಗವೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದೂ, ಆಸ್ತಿಪಾಸ್ತಿಯ ಲೌಕಿಕ ಆಡಳಿತವನ್ನು ಕಾನೂನು ನಿಯಂತ್ರಿಸಬಹುದೆಂದೂ ತೀರ್ಪಿತ್ತು, ಆ ಕಾಯಿದೆಯ ಹಲವು ಕಲಮುಗಳನ್ನು ಅನೂರ್ಜಿತಗೊಳಿಸಿತು. ಬೆಳಗಾವಿ ಜಿಲ್ಲೆಗೂ ಅನ್ವಯಿಸುತ್ತಿದ್ದ 1950ರ ಮುಂಬಯಿ ಸಾರ್ವಜನಿಕ ನ್ಯಾಸ ಕಾಯಿದೆಯನ್ನೂ ಅದೇ ವರ್ಷ ಅದೇ ನ್ಯಾಯಾಲಯ ಪರಿಶೀಲಿಸಿ, ಕೆಲವು ಕಲಮುಗಳನ್ನು ರದ್ದುಮಾಡಿ ಉಳಿದುದನ್ನು ಎತ್ತಿಹಿಡಿಯಿತು. ಕಿತ್ತೂರಿನ ಕಾಳಗಕ್ಕೂ ಈ ತೀರ್ಪುಗಳಿಗೂ ನಡುವೆ 130 ವರ್ಷಗಳು. ಧರ್ಮ-ರಾಜ್ಯಗಳ ನಡುವಣ ಗೆರೆಯನ್ನು ಎಳೆಯುವ ಕೆಲಸ ಆಗಲೂ ಇತ್ತು, ಈಗಲೂ ಇದೆ. ಆದರೆ ಈಗ ಸರಕಾರವೂ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾಯಿತು. ಒಂದು ಹನಿ ರಕ್ತ ಬೀಳಲಿಲ್ಲ.

ಮಠಮಂದಿರಗಳ ಹಕ್ಕಿಗೂ ಮೇರೆಯುಂಟೆಂಬುದನ್ನು ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ ಸ್ಪಷ್ಟಪಡಿಸಿತು. ಆ ದೇವಸ್ಥಾನ ಒಂದು ಪಂಥಕ್ಕೆ ಸೇರಿದುದೆಂದು ನ್ಯಾಯಾಲಯ ಒಪ್ಪಿತು. ಆದರೂ ಎಲ್ಲ ವರ್ಗದ ಹಿಂದೂಗಳಿಗೆ ಪ್ರವೇಶ ನೀಡುವ ಕಾನೂನು ಪಂಥದ ಹಕ್ಕಿಗಿಂತ ಮೇಲೆಂದೂ, ಕೆಲವು ವಿಶೇಷ ಸೇವೆಗಳ ಸಮಯವನ್ನು ಮಾತ್ರ ಪಂಥದವರು ತಮಗೆ ಉಳಿಸಿಕೊಳ್ಳಬಹುದೆಂದೂ ಅದು ಹೇಳಿತು. ಸಂಸ್ಥೆಯ ಸ್ವಾತಂತ್ರ್ಯ ಒಂದು, ಭಕ್ತನ ಸ್ವಾತಂತ್ರ್ಯ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹೊಣೆ ಪ್ರಜಾಪ್ರಭುತ್ವದ್ದು.

ಸವದತ್ತಿಯ ಗುಡ್ಡ: ಒಳಗಿನ ಸ್ವಾತಂತ್ರ್ಯ

ಈ ತೂಕ ಅತ್ಯಂತ ಕಠಿಣವಾದುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಲಕ್ಷಾಂತರ ಜನ ಉಧೋ ಉಧೋ ಎನ್ನುತ್ತ ಬರುವ ಕ್ಷೇತ್ರವದು. ಹೊಸ್ತಿಲ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚಕ್ಕಡಿಗಳ ಸಾಲು ಗುಡ್ಡ ಏರುವುದು ಈ ಸೀಮೆಯ ಬಾಳಿನ ಭಾಗವೇ ಆಗಿದೆ. ಆ ಭಕ್ತಿಯನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ಭಕ್ತಿಯ ನೆರಳಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿಯೂ ಬೆಳೆದಿತ್ತು. ಅದಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ದಲಿತ ಮನೆಗಳ ಮಕ್ಕಳು. 1934ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂದಿತ್ತು; ಪದ್ಧತಿ ಮಾತ್ರ ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕವು ಸಮರ್ಪಣೆಯನ್ನು ನಿಷೇಧಿಸಿ, ಅದರಲ್ಲಿ ಭಾಗವಹಿಸುವ ಹೆತ್ತವರನ್ನೂ ಪೂಜಾರಿಗಳನ್ನೂ ಶಿಕ್ಷೆಗೆ ಒಳಪಡಿಸುವ ಕಾಯಿದೆಯನ್ನು ಮಾಡಿತು.

ಇದು ಧರ್ಮಸ್ವಾತಂತ್ರ್ಯದಲ್ಲಿ ಸರಕಾರದ ಹಸ್ತಕ್ಷೇಪವೇ ಎಂದು ಕೇಳುವವರುಂಟು. ಉತ್ತರವನ್ನು ಆ ಮಗುವಿನ ಕಡೆಯಿಂದ ನೋಡಿ ಹೇಳಬೇಕು. ಹರಕೆ ಹೊತ್ತವರು ಹಿರಿಯರು. ಮುತ್ತು ಬಿದ್ದುದು ಏಳೆಂಟು ವರ್ಷದವಳ ಕೊರಳಿಗೆ. ಅವಳನ್ನು ಯಾರೂ ಕೇಳಲಿಲ್ಲ. ಅವಳು ಯಾರನ್ನೂ ಕೇಳುವಂತಿರಲಿಲ್ಲ. ಬಿಜ್ಜಳನ ಮುಂದೆ ಹರಳಯ್ಯನಿಗಿದ್ದ ಸ್ಥಿತಿಯೇ ತನ್ನ ಮನೆಯವರ ಮುಂದೆ ಅವಳದು. ನಿರಂಕುಶಾಧಿಕಾರ ಸಿಂಹಾಸನದ ಮೇಲೆ ಮಾತ್ರ ಕೂಡುವುದಿಲ್ಲ. ಗುಡಿಯ ಅಂಗಳದಲ್ಲಿಯೂ ಮನೆಯ ಪಡಸಾಲೆಯಲ್ಲಿಯೂ ಕೂಡುತ್ತದೆ. ಆದ್ದರಿಂದ 1982ರ ಕಾಯಿದೆಯು ಧರ್ಮಸ್ವಾತಂತ್ರ್ಯದ ಸಂಕೋಚವಲ್ಲ, ಅದರ ವಿಸ್ತಾರ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರು ತಮ್ಮಂಥ ಸಾವಿರಾರು ಮಹಿಳೆಯರ ವಿಮೋಚನೆಗಾಗಿ ದುಡಿದು 2018ರಲ್ಲಿ ಪದ್ಮಶ್ರೀ ಗೌರವ ಪಡೆದರು. ಸಂಸ್ಥಾನಗಳ ಕಾಲದಲ್ಲಿ ಕನಸಿಗೂ ನಿಲುಕದಿದ್ದ ಮಾತಿದು.

ಅನ್ಯದೇಶಗಳ ಕನ್ನಡಿಯಲ್ಲಿ

ಸರ್ವಾಧಿಕಾರದಿಂದ ಹೊರಬಂದ ಇತರ ದೇಶಗಳ ಅನುಭವವೂ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಸ್ಪೇನಿನಲ್ಲಿ ಫ್ರಾಂಕೋವಿನ ಆಳಿಕೆಯಲ್ಲಿ ಕ್ಯಾಥೊಲಿಕ್ ಮತಕ್ಕೆ ರಾಜಾಶ್ರಯವಿತ್ತು. ಇತರರದು ಸಹಿಸಿಕೊಂಡ ಬಾಳು. 1975ರಲ್ಲಿ ಅವನು ತೀರಿದ ಬಳಿಕ 1978ರ ಸಂವಿಧಾನವು ರಾಜ್ಯಕ್ಕೆ ಮತವಿಲ್ಲವೆಂದಿತು. 1980ರಲ್ಲಿ ಧರ್ಮಸ್ವಾತಂತ್ರ್ಯದ ಕಾನೂನು ಬಂದಿತು. 1992ರಲ್ಲಿ ಪ್ರಾಟೆಸ್ಟಂಟ್, ಯಹೂದಿ, ಮುಸ್ಲಿಂ ಸಮುದಾಯಗಳೊಡನೆ ಸರಕಾರ ಒಪ್ಪಂದ ಮಾಡಿಕೊಂಡಿತು. ಇಂಡೋನೇಷ್ಯದಲ್ಲಿ 1998ರಲ್ಲಿ ಸುಹಾರ್ತೋ ಕೆಳಗಿಳಿದ ಮೇಲೆ, ಚೀನೀ ಮೂಲದವರ ಆಚರಣೆಗಳ ಮೇಲೆ 1967ರಿಂದ ಇದ್ದ ನಿರ್ಬಂಧವನ್ನು ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ 2000ದಲ್ಲಿ ತೆಗೆದುಹಾಕಿದರು. ಆದರೆ ಅದೇ ಪ್ರಜಾಪ್ರಭುತ್ವದಲ್ಲಿ 2008ರಲ್ಲಿ ಅಹ್ಮದೀಯ ಪಂಥದವರ ಪ್ರಚಾರಕ್ಕೆ ಸರಕಾರದ ಆಜ್ಞೆಯಿಂದ ತಡೆ ಬಿದ್ದಿತು.

ಮ್ಯಾನ್ಮಾರಿನ ಕಥೆ ಇನ್ನೂ ದಾರುಣ. 2011ರಿಂದ ಸೈನ್ಯದ ಹಿಡಿತ ಸಡಿಲವಾಗುತ್ತ ಬಂದಂತೆ ದ್ವೇಷದ ಮಾತಿಗೂ ಬಾಯಿ ಬಂದಿತು. 2015ರಲ್ಲಿ ಮತಾಂತರ, ಅಂತರ್ಮತೀಯ ವಿವಾಹಗಳನ್ನು ನಿಯಂತ್ರಿಸುವ ಕಾನೂನುಗಳು ಬಂದವು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದರು. 2021ರಲ್ಲಿ ಸೈನ್ಯ ಮತ್ತೆ ಅಧಿಕಾರ ಕಸಿದುಕೊಂಡಿತು. ನೆರೆಯ ನೇಪಾಳವು 2008ರಲ್ಲಿ ಅರಸೊತ್ತಿಗೆಯನ್ನು ಕೈಬಿಟ್ಟು 2015ರ ಸಂವಿಧಾನದಲ್ಲಿ ಧರ್ಮನಿರಪೇಕ್ಷ ಗಣರಾಜ್ಯವೆಂದು ಹೇಳಿಕೊಂಡಿತಾದರೂ, ಇನ್ನೊಬ್ಬರನ್ನು ಮತಾಂತರಿಸುವುದನ್ನು ಅಪರಾಧವಾಗಿಯೇ ಉಳಿಸಿಕೊಂಡಿತು.

ಇವುಗಳಿಂದ ತಿಳಿಯುವುದೇನು? ಅರಸನೊಬ್ಬನು ಹೋದೊಡನೆ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ. ಅರಸನ ಸ್ಥಾನದಲ್ಲಿ ಬಹುಸಂಖ್ಯೆ ಕುಳಿತು, ಅಲ್ಪಸಂಖ್ಯೆಯವರಿಗೆ ತಾನೇ ಸನದು ಕೊಡುವೆನೆನ್ನಬಹುದು. ಆಗ ಸನದಿನ ಕಾಲವೇ ಹೆಸರು ಬದಲಿಸಿಕೊಂಡು ಮರಳಿದಂತಾಯಿತು. ಚುನಾವಣೆ ಪ್ರಜಾಪ್ರಭುತ್ವದ ಮುಂಬಾಗಿಲಾದರೆ, ಎಣಿಕೆಯಲ್ಲಿ ಸೋತವನಿಗೂ ತೆರೆದಿರುವ ನ್ಯಾಯದ ಬಾಗಿಲು ಅದರ ಹಿಂಬಾಗಿಲು. ಎರಡೂ ತೆರೆದಿರುವ ಮನೆಯಲ್ಲಿ ಮಾತ್ರ ಗಾಳಿಯಾಡುತ್ತದೆ.

ಉಪಸಂಹಾರ

ವಚನಸಾಹಿತ್ಯವನ್ನು ಅಭ್ಯಸಿಸುವವರಿಗೆ ಈ ಮಾತು ಹೊಸದಾಗಿ ತೋರಲಾರದು. ಇಷ್ಟಲಿಂಗವು ಅರಸನಿಗೂ ಅಗಸನಿಗೂ ಒಂದೇ ಅಳತೆಯದು. ಪೂಜಾರಿಯ ಬೀಗದ ಕೈಯನ್ನಾಗಲಿ ಅರಸನ ದತ್ತಿಯನ್ನಾಗಲಿ ಕಾಯದೆ ಪ್ರತಿಯೊಬ್ಬನ ಅಂಗೈಯಲ್ಲಿ ನೆಲೆಸುವ ದೈವವದು. ಅಷ್ಟರಮಟ್ಟಿಗೆ ಅಂತಃಕರಣದ ಸ್ವಾತಂತ್ರ್ಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಬಾಳಿ ತೋರಿಸಿದರು. ಹದಿನೈದನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳ ಹಂದರವಾದರೂ ಎಂಥದು? ಅಲ್ಲಮಪ್ರಭುವು ಸಿದ್ಧರಾಮನನ್ನು ಪ್ರಶ್ನಿಸುತ್ತಾನೆ. ಮುಕ್ತಾಯಕ್ಕನು ಅಲ್ಲಮನಿಗೇ ಎದುರುತ್ತರ ಕೊಡುತ್ತಾಳೆ. ಮಹಾದೇವಿಯಕ್ಕನು ತುಂಬಿದ ಸಭೆಯ ಪ್ರಶ್ನೆಗಳನ್ನು ಎದುರಿಸಿ ನಿಲ್ಲುತ್ತಾಳೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿ ಹಿಂದಕ್ಕೆ ಕಳಿಸುತ್ತಾಳೆ. ಅಲ್ಲಿ ಪ್ರಶ್ನೆ ಅಪರಾಧವಲ್ಲ. ಅದೇ ಸಾಧನೆಯ ದಾರಿ. ಹಿರಿಯರನ್ನು ಕಿರಿಯರು, ಗಂಡನನ್ನು ಹೆಂಡತಿ, ಪಂಡಿತನನ್ನು ಕಾಯಕಜೀವಿ ಕೇಳಬಹುದಾದ ಸಭೆಯೊಂದಿತ್ತೆಂಬ ನೆನಪು ಈ ಸಮಾಜದ ಮೂಲಧನ.

2018ರಲ್ಲಿ ಕರ್ನಾಟಕ ಸರಕಾರವು ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆಗೆ ಶಿಫಾರಸು ಮಾಡಿದಾಗ ಲಿಂಗಾಯತ-ವೀರಶೈವ ಸಮಾಜದೊಳಗೆ ತನ್ನ ಹೆಸರು ಮತ್ತು ಸ್ವರೂಪಗಳ ಬಗೆಗೆ ಬಹಿರಂಗ ಚರ್ಚೆ ನಡೆಯಿತು. ಪರವಾದಿಗಳೂ ವಿರೋಧಿಗಳೂ ಬಯಲಿನಲ್ಲಿ ಸಭೆ ಸೇರಿದರು, ಬರೆದರು, ವಾದಿಸಿದರು. ಆ ಚರ್ಚೆಯ ಗುಣದೋಷಗಳು ಹೇಗೇ ಇರಲಿ, ತಮ್ಮ ಧರ್ಮದ ಸ್ವರೂಪವನ್ನು ಕುರಿತು ಭಕ್ತರು ಯಾವ ಅರಸನಿಗೂ ಅಂಜದೆ ವಾದಿಸಿದರೆಂಬುದು ಕಲ್ಯಾಣದಿಂದ ಓಡಿಬಂದವರ ವಂಶಕ್ಕೆ ಸಣ್ಣ ಸಂಗತಿಯಲ್ಲ.

ಬೈಲಹೊಂಗಲದಲ್ಲಿ ಚೆನ್ನಮ್ಮಾಜಿಯವರ ಸಮಾಧಿಗೆ ಕೈಮುಗಿಯುವವರು, ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಹೋಗುವವರು, ಎಲ್ಲಮ್ಮನ ಗುಡ್ಡ ಏರುವವರು ಒಂದು ಮಾತನ್ನು ನೆನಪಿಡುವುದು ಒಳಿತು. ತಮ್ಮ ಭಕ್ತಿಗೆ ಇಂದು ಯಾರ ಸನದೂ ಬೇಕಿಲ್ಲವೆಂಬ ಭಾಗ್ಯ ಬಹಳ ಬೆಲೆ ತೆತ್ತು ಬಂದುದು. ಆ ಭಾಗ್ಯ ನೆರೆಮನೆಯ ಬೇರೆ ಮತದವನಿಗೂ, ತಮ್ಮದೇ ಮನೆಯ ಹೆಣ್ಣುಮಗಳಿಗೂ, ಊರ ಹೊರಗಿನ ಕೇರಿಯವನಿಗೂ ಅಷ್ಟೇ ಪ್ರಮಾಣದಲ್ಲಿ ಸಲ್ಲುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳುವುದೇ ಅದನ್ನು ಉಳಿಸಿಕೊಳ್ಳುವ ಉಪಾಯ.